ಮಲಗಿದವಳ ಚಾವಣಿ

ನಮ್ಮವರು ಮರಗೆಲಸದವರು. ಬಾಗಿಲು, ಕಿಟಕಿ, ಮಂಚ ಎಲ್ಲರೂ ಮಾಡುತ್ತಾರೆ. ನಮ್ಮವರಿಗೆ ಹೆಸರು ಬಂದದ್ದು ಚಾವಣಿಯ ಕೆಲಸಕ್ಕೆ. ದೊಡ್ಡ ಮನೆಗಳ ಹಜಾರದಲ್ಲಿ ತಲೆ ಎತ್ತಿದರೆ ಕಾಣುತ್ತವಲ್ಲ, ಅಡ್ಡಕ್ಕೂ ಉದ್ದಕ್ಕೂ ಹಾಯುವ ತೊಲೆಗಳು, ನಡುವೆ ಒಳಕ್ಕೆ ಇಳಿದ ಚೌಕಗಳು, ಚೌಕದ ಅಂಚಿಗೆ ಉಬ್ಬುಪಟ್ಟಿ, ಗೋಡೆ ಮುಗಿದು ಚಾವಣಿ ಶುರುವಾಗುವ ಕಡೆ ಸುತ್ತಲೂ ಓಡುವ ಬಳ್ಳಿಯ ಕೆತ್ತನೆ, ಅದೆಲ್ಲ. ಆ ತೊಲೆಗಳು ಯಾವ ಭಾರವನ್ನೂ ಹೊರುವುದಿಲ್ಲ. ಒಳಗೆ ಟೊಳ್ಳು. ಹಲಗೆ ಸೇರಿಸಿ ತೊಟ್ಟಿಯ ಹಾಗೆ ಮಾಡಿ ಕವುಚಿ ಕೂರಿಸುತ್ತಾರೆ. ಕೆಳಗೆ ನಿಂತವರಿಗೆ ಮಾತ್ರ ಇಡೀ ಮನೆಯನ್ನು ಅವೇ ಹೊತ್ತ ಹಾಗೆ ಕಾಣುತ್ತದೆ.

ಮರ ಅವರದು, ಪಾಲಿಶ್ ನನ್ನದು. ನನಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಬಟ್ಟೆಯ ಉಂಡೆ ಹಿಡಿದು ಅರಗಿನ ಪಾಲಿಶ್ ಹಚ್ಚುತ್ತ ಕೂತರೆ ಮರದೊಳಗಿನ ಗೆರೆ ಒಂದೊಂದೇ ಮೇಲೆ ಏಳುವುದು ನೋಡುತ್ತ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ನಮ್ಮವರಿಗೆ ಕಸುಬಿನವರೆಲ್ಲ ಸೇರಿ ಇಟ್ಟ ಹೆಸರು ಒಣಮರ. ಹಲಗೆ ಅವರ ಮನಸ್ಸಿಗೆ ಬರುವಷ್ಟು ಒಣಗದೆ ಗರಗಸ ಮುಟ್ಟಿಸುತ್ತಿರಲಿಲ್ಲ. ಮನೆ ಕಟ್ಟಿಸುವವರು ಬಂದು ಕೆಲಸದ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಗೋಳಾಡಿದರೂ ಅಷ್ಟೇ. ಹಲಗೆಯನ್ನು ಬೆರಳಿನಿಂದ ತಟ್ಟುವರು, ಮೂಸುವರು, ಕೆನ್ನೆಗೆ ಒತ್ತಿ ಹಿಡಿಯುವರು. ತಂಪು ಹತ್ತಿದರೆ ಮತ್ತೆ ಗೋಡೆಗೆ ಒರಗಿಸುವರು. ಅವರು ಕೂರಿಸಿದ ಪಟ್ಟಿ ಬಾಗಿತು, ಹುಳ ಹಿಡಿಯಿತು ಎಂದು ಒಬ್ಬರೂ ಬಾಯಿ ಬಿಟ್ಟವರಿಲ್ಲ. ಮಾತು ಮಾತ್ರ ಬಹಳ ಕಡಿಮೆ. ಮದುವೆಯಾದ ಹೊಸದರಲ್ಲಿ ನಾನು ನಮ್ಮಮ್ಮನ ಮುಂದೆ ಅತ್ತಿದ್ದೆ, "ಗೋಡೆ ಜೊತೆ ಸಂಸಾರ ಮಾಡಿದ ಹಾಗಿದೆ" ಅಂತ. ಅಮ್ಮ ನಕ್ಕು, "ಗೋಡೆ ತಿರುಗಿ ಬಯ್ಯಲ್ಲ ಅಲ್ವಾ, ಸುಮ್ನಿರು" ಅಂದಿದ್ದಳು.

ಅವರಿಗೆ ಒಬ್ಬಳೇ ತಂಗಿ. ತಾಯಿ ಬೇಗ ಹೋದದ್ದರಿಂದ ಎತ್ತಿ ಆಡಿಸಿ ಬೆಳೆಸಿದವರು ಇವರೇ. ಪುಟ್ಟಿ ಎಂದು ಕರೆಯುತ್ತಿದ್ದರು; ಅವಳ ತಲೆಯಲ್ಲಿ ಬಿಳಿ ಕೂದಲು ಕಂಡ ಮೇಲೂ ಪುಟ್ಟಿಯೇ. ಪುಟ್ಟಿ ಪರದೆ ಹೊಲಿಯುವವಳು. ಅಣ್ಣ ಚಾವಣಿ ಮುಗಿಸಿದ ಮನೆಗೆ ಎಷ್ಟೋ ಸಲ ತಂಗಿಯೇ ಹೋಗಿ ಕಿಟಕಿಗಳಿಗೆ ಪರದೆ ತೂಗುಹಾಕಿ ಬರುತ್ತಿದ್ದಳು. ಅವಳ ಗಂಡ ಲಾರಿ ಡ್ರೈವರು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಮನೆಯಲ್ಲಿ ಮಲಗಿದ್ದಕ್ಕಿಂತ ಲಾರಿಯ ಕ್ಯಾಬಿನ್ನಿನಲ್ಲಿ ಮಲಗಿದ್ದೇ ಹೆಚ್ಚು. ಮಕ್ಕಳಿಲ್ಲ. ಅವರು ಊರಿಗೆ ಬಂದರೆ ಬೀದಿಗೆಲ್ಲ ಗೊತ್ತಾಗುವಂತೆ ನಗು, ಮಾತು. ಹೋದರೆಂದರೆ ಪುಟ್ಟಿಯೂ ಹೊಲಿಗೆ ಮಿಷನ್ನೂ.

ಒಂದು ದಿನ ಪರದೆಯ ಗಂಟು ಹೊತ್ತು ಯಾರದೋ ಮನೆಯ ಮೆಟ್ಟಿಲಿಳಿಯುವಾಗ ಪುಟ್ಟಿ ಬಿದ್ದಳು. ಬೆನ್ನುಮೂಳೆಗೆ ಏಟಾಯಿತು. ಆಮೇಲೆ ಎದ್ದು ಕೂರಲಿಲ್ಲ. ಕೈ ಸ್ವಲ್ಪ ಎತ್ತುತ್ತಿದ್ದಳು, ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಅಂಗಾತ ಮಲಗಿದರೆ ಮಲಗಿದ ಹಾಗೆಯೇ. ಡ್ರೈವರು ಲಾರಿ ಬಿಟ್ಟುಬಿಟ್ಟರು. ಬೆಳಿಗ್ಗೆ ಪಕ್ಕದ ಮಾರುಕಟ್ಟೆಯ ಗೋದಾಮಿನಲ್ಲಿ ಸಾಮಾನು ಇಳಿಸುವುದನ್ನು ನೋಡಿಕೊಳ್ಳುವ ಕೆಲಸ ಹಿಡಿದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಅಲ್ಲಿಯವರೆಗೆ ನಾನು ಆಗಾಗ ಹೋಗಿ ನೋಡಿಕೊಳ್ಳುತ್ತಿದ್ದೆ.

ಅವರದು ಬೀದಿಯ ಮೇಲೆ ಮಹಡಿಯ ಮನೆ. ಕೆಳಗೆ ಒಂದು ಸಲೂನು. ಪುಟ್ಟಿಯ ಕೋಣೆಗೆ ಬೀದಿಯ ಕಡೆ ಒಂದು ಕಿಟಕಿ, ಸುಣ್ಣದ ಗೋಡೆ, ಸುಣ್ಣದ ಚಾವಣಿ. ಕಿಟಕಿಗೆ ಅವಳೇ ಹಿಂದೆ ಮಿಕ್ಕ ಬಟ್ಟೆಯಲ್ಲಿ ಹೊಲಿದ ದಪ್ಪ ಪರದೆ. ಊರಿಗೆಲ್ಲ ನೆರಿಗೆ ಬಿಟ್ಟು ಹೊಲಿದವಳ ಸ್ವಂತ ಪರದೆಗೆ ಬಟ್ಟೆ ಸಾಲದೆ ಎರಡು ತುಂಡು ನಡುವೆ ಕೂಡುತ್ತಿರಲಿಲ್ಲ, ಬೆರಳಗಲ ಸಂದು ಉಳಿಯುತ್ತಿತ್ತು.

ಇಷ್ಟು ಹೇಳಿದ್ದು ಮುಂದಿನದು ತಿಳಿಯಲಿ ಎಂದು.

ಒಂದು ದಿನ ಡ್ರೈವರು ನಮ್ಮ ಕೆಲಸದ ಕೊಟ್ಟಿಗೆಗೆ ಬಂದರು. ಮರದ ಪುಡಿಯ ಮೇಲೆ ಹಾಗೇ ಕೂತು, "ಭಾವ, ನಿಮ್ಮ ತಂಗಿ ಕೋಣೆಗೆ ಸೀಲಿಂಗ್ ಆಗಬೇಕು. ದೊಡ್ಡ ಮನೇಲಿ ಮಾಡ್ತೀರಲ್ಲ, ಅದೇ ಥರ. ಚೌಕ, ತೊಲೆ, ಬಳ್ಳಿ, ಎಲ್ಲ" ಅಂದರು.

ನಮ್ಮವರು ಉಳಿ ಮಸೆಯುವುದನ್ನು ನಿಲ್ಲಿಸಿ ನೋಡಿದರು. "ಆ ಕೋಣೆ ತಗ್ಗು" ಅಂದರು.

"ತಗ್ಗಾದ್ರೇನು? ನನ್ನ ಕ್ಯಾಬಿನ್ ಅದಕ್ಕಿಂತ ತಗ್ಗಿರಲಿಲ್ವಾ? ಮೇಲೆ ಕೆಂಪು ಮಖಮಲ್ಲು, ಸುತ್ತ ಕುಚ್ಚು, ನಡುವೆ ಕನ್ನಡಿ ಬಿಲ್ಲೆ. ಮಲಗಿ ಅದನ್ನ ನೋಡ್ತಾ ಇದ್ರೆ ಊರು ಬಿಟ್ಟು ಬಂದಿದ್ದೀನಿ ಅನ್ನೋದೇ ಮರೆತುಹೋಗ್ತಿತ್ತು. ಇವಳು ನೋಡಿದ್ರೆ ಹಗಲೆಲ್ಲ ಆ ಬೋಳು ಸುಣ್ಣ ನೋಡ್ಕೊಂಡು ಬಿದ್ದಿರ್ತಾಳೆ."

"ಅವಳನ್ನ ಒಂದು ಮಾತು ಕೇಳಿದ್ರಾ?" ಎಂದು ನಾನು ಕೇಳಿದೆ.

"ಕೇಳಿದ್ರೆ ಬೇಡ ಅಂತಾಳೆ ಅಕ್ಕ. ಯಾವುದಕ್ಕೆ ಬೇಕು ಅಂದಿದ್ದಾಳೆ ಅವಳು? ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ, ಯಾವುದೋ ಮನೇಲಿ ಪರದೆ ಹಾಕಿ ಬಂದವಳು ಅಂದಿದ್ಲು, ನಮಗೂ ಇಂಥ ಸೀಲಿಂಗ್ ಇದ್ರೆ ಎಷ್ಟು ಲಕ್ಷಣವಾಗಿರುತ್ತೆ ಅಂತ. ಆವಾಗ ನಾನು ಗಾಡಿ ಸ್ಟಾರ್ಟ್ ಮಾಡ್ತಾ ಇದ್ದೆ. ಹೂಂ ಅಂತಾನೂ ಅನ್ನದೆ ಹೋದೆ." ಅವರು ಮರದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. "ಹೇಳಬೇಡಿ ಅವಳಿಗೆ. ಆಗಿಹೋದ ಮೇಲೆ ನೋಡಲಿ."

ನಮ್ಮವರು ಹಲಗೆ ಒರಗಿಸಿದ್ದ ಮೂಲೆಗೆ ಹೋಗಿ, ಎಷ್ಟೋ ಕಾಲದಿಂದ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಒಳ್ಳೆಯ ಮರದ ಹಲಗೆಗಳನ್ನು ಹೊರಗೆ ಎಳೆದರು. ಅದೇ ಅವರ ಒಪ್ಪಿಗೆ.

ಆ ಕೆಲಸ ಮಾಡಿದ ಹಾಗೆ ಅವರು ಇನ್ಯಾವ ಕೆಲಸವನ್ನೂ ಮಾಡಲಿಲ್ಲ. ಮೂಲೆಯಲ್ಲಿ ಎರಡು ಪಟ್ಟಿ ಕೂಡುವ ಕಡೆ ಎಲ್ಲರೂ ಓರೆ ಕತ್ತರಿಸಿ ಜೋಡಿಸುತ್ತಾರೆ. ಇವರು ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಉಬ್ಬುತಗ್ಗಿಗೆ ಸರಿಯಾಗಿ ಕೊರೆದು ಅದರ ಮೈಮೇಲೆಯೇ ಕೂರಿಸುತ್ತಿದ್ದರು, ಮರ ಮುಂದೆ ಕುಗ್ಗಿದರೂ ಸಂದು ಕಾಣಬಾರದು ಎಂದು. ನಾನು ಒಂದೊಂದು ತುಂಡಿಗೂ ಪಾಲಿಶ್ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿದೆ. ಮರ ಜೇನಿನ ಬಣ್ಣ ದಾಟಿ, ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂತು. ಕೈಯಲ್ಲಿ ಹಿಡಿದರೆ ಮುಖ ಕಾಣುವಂತಿತ್ತು. ತೊಲೆಯನ್ನು ಇನ್ನಷ್ಟು ತೆಳ್ಳಗೆ ಮಾಡಬಹುದಿತ್ತು. ಆದರೆ ತೆಳ್ಳಗಾದರೆ ಗತ್ತು ಬರುವುದಿಲ್ಲ ಎಂದು ನಮ್ಮವರೂ ಅಂದರು, ನಾನೂ ಹೌದಂದೆ.

ಕೂರಿಸುವಾಗ ಪುಟ್ಟಿಯನ್ನು ಮಂಚದ ಸಮೇತ ಮುಂದಿನ ಕೋಣೆಗೆ ಸಾಗಿಸಿದ್ದರು. ಒಳಗೆ ಸುತ್ತಿಗೆಯ ಸದ್ದಾದರೆ ಅವಳು, "ಏನು ಅತ್ತಿಗೆ, ಮನೆ ಕೆಡವ್ತಾ ಇದ್ದೀರಾ?" ಎನ್ನುವಳು. "ಸೋರ್ತಾ ಇತ್ತು, ಸರಿ ಮಾಡ್ತಿದ್ದಾರೆ" ಎಂದು ನಾನು ಸುಳ್ಳು ಹೇಳುವೆ. ನಮ್ಮವರು ಏಣಿಯ ಮೇಲೆ, ಮೂಗಿಗೆ ಚಾವಣಿ ತಾಗುವಷ್ಟು ಹತ್ತಿರ. ಡ್ರೈವರು ಕೆಳಗೆ ನಿಂತು ತಲೆ ಎತ್ತಿ, "ಎಡಕ್ಕೆ ಭಾವ, ಒಂದು ಕೂದಲು ಎಡಕ್ಕೆ" ಎನ್ನುವರು. ನಾನು ಬಾಗಿಲಲ್ಲಿ ನಿಂತು ನೋಡುವೆ. ಮೂರು ಜನ ಮೂರು ಕಡೆ ನಿಂತು ನೋಡಿದೆವು. ಮಲಗಿ ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮುಗಿದ ದಿನ ಡ್ರೈವರು ಅವಳ ಕಣ್ಣಿಗೆ ಟವೆಲ್ಲು ಮುಚ್ಚಿದರು, ನಾವೆಲ್ಲ ಮಂಚ ಹಿಡಿದು ಒಳಗೆ ತಂದೆವು. ಟವೆಲ್ಲು ತೆಗೆದರು. ಪುಟ್ಟಿ ಮೇಲೆ ನೋಡಿದಳು. ನೋಡುತ್ತಲೇ ಇದ್ದಳು.

"ಹೇಗಿದೆ?" ಅಂದರು ಡ್ರೈವರು.

"ಚೆನ್ನಾಗಿದೆ" ಅಂದಳು. "ನೀವು ಅದನ್ನ ಇನ್ನೂ ನೆನಪಿಟ್ಟುಕೊಂಡಿದ್ರಾ?"

ಅವಳ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ಡ್ರೈವರು ಅದನ್ನು ತಮ್ಮ ಹೆಬ್ಬೆರಳಿನಿಂದ ಒರೆಸಿ ನಮ್ಮ ಕಡೆ ನೋಡಿದರು. ಲೋಕ ಗೆದ್ದವರ ಮುಖ. ಸಂಜೆಯೊಳಗೆ ಬೀದಿಯ ಅರ್ಧ ಜನ ಮೆಟ್ಟಿಲು ಹತ್ತಿ ಬಂದು ನೋಡಿಹೋದರು. ಸಲೂನಿನವನು ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿ, "ಡ್ರೈವರೇ, ಇನ್ನು ನೀವು ಕೆಳಗಿಳಿದು ಬರೋದು ಶೋಭೆಯಲ್ಲ. ಗಡ್ಡ ಕೆರೆಯೋಕೆ ನಾನೇ ಮೇಲೆ ಬರ್ತೀನಿ, ಮಹಾರಾಜರು ಹೇಳಿ ಕಳಿಸಿದ್ರೆ ಸಾಕು" ಅಂದ. ಎಲ್ಲರೂ ನಕ್ಕರು. ಪುಟ್ಟಿಯೂ ತುಟಿ ಅಗಲಿಸಿದಳು.

ಅಲ್ಲಿಂದ ಅವಳು ಇಳಿಯುತ್ತ ಹೋದಳು. ಮೊದಲು ಊಟ ಕಡಿಮೆಯಾಯಿತು. ಆಮೇಲೆ ಮಾತು. ನಾನು ಹೋದರೆ ಹಿಂದೆಲ್ಲ ಬೀದಿಯ ಸುದ್ದಿಯನ್ನು ಅವಳೇ ನನಗೆ ಹೇಳುತ್ತಿದ್ದಳು, ಹಾಲಿನವನು ಈ ಹೊತ್ತು ತಡ, ಎದುರು ಮನೆಯಾಕೆ ಹೊಸ ಕೊಡೆ ಕೊಂಡಿದ್ದಾಳೆ ಎಂದು. ಮಲಗಿದವಳಿಗೆ ಇದೆಲ್ಲ ಯಾರು ಬಂದು ಹೇಳುತ್ತಾರೋ ಎಂದುಕೊಳ್ಳುತ್ತಿದ್ದೆ. ಈಗ ಅದೂ ನಿಂತಿತು. ಡ್ರೈವರು ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಅಕ್ಕ, ಇಷ್ಟು ದಿನ ನಾನು ಬಾಗಿಲು ತೆಗೆದ್ರೆ ನಗ್ತಾ ಇರ್ತಿದ್ಲು. ಯಾವತ್ತೂ ತಪ್ಪಿರಲಿಲ್ಲ. ಈಗ ತೆಗೆದ್ರೆ ಅವಳ ಮುಖ ನೋಡೋಕಾಗಲ್ಲ. ನಾನು ಬಂದದ್ದು ಗೊತ್ತಾದ ಮೇಲೆ ನಗ್ತಾಳೆ. ಆದ್ರೆ ಅಷ್ಟರೊಳಗೆ ನೋಡಿಬಿಟ್ಟಿರ್ತೀನಿ" ಅಂದರು.

"ಡಾಕ್ಟರು ಏನಂತಾರೆ?"

"ಬೆನ್ನು ಹಾಗೇ ಇದೆ ಅಂತಾರೆ. ಮನಸ್ಸಿಗೆ ಖುಷಿಯಾಗೋ ಹಾಗೆ ಇಟ್ಟುಕೊಳ್ಳಿ ಅಂತಾರೆ." ಸ್ವಲ್ಪ ಯೋಚಿಸಿ, "ನಡುವೆ ಬೋಳಾಗಿದೆ ಅನ್ಸುತ್ತೆ ಅಕ್ಕ. ಭಾವನಿಗೆ ಹೇಳಿ ಒಂದು ದೊಡ್ಡ ಹೂವು ಕೆತ್ತಿಸೋಣ" ಅಂದರು.

ಹೂವು ಬಂತು. ತಟ್ಟೆಯಗಲದ ಹೂವು, ಎಸಳಿನ ಮೇಲೆ ಎಸಳು, ಅವಳ ಮುಖಕ್ಕೆ ನೇರವಾಗಿ. ಅವಳು ಮತ್ತೆ "ಚೆನ್ನಾಗಿದೆ" ಅಂದಳು, ಮತ್ತಷ್ಟು ಇಳಿದಳು. ಡ್ರೈವರು ಈಗ ಚೌಕಗಳಿಗೆಲ್ಲ ಚಿನ್ನದ ಬಣ್ಣದ ಗೆರೆ ಎಳೆಸುವ ಯೋಚನೆ ಮಾಡಿದರು.

ಆ ಗೆರೆಗೆ ಅಳತೆ ನೋಡಲು ಒಂದು ಮಧ್ಯಾಹ್ನ ನಾನು ಹೋದೆ. ಪುಟ್ಟಿಗೆ ಬಟ್ಟೆ ಬದಲಿಸಿ, ಬೆನ್ನು ಒರೆಸಿ, ತಲೆ ಬಾಚಿದೆ. ಸೊಂಟ ನೋಯುತ್ತಿತ್ತು. "ಸ್ವಲ್ಪ ಸರೀತೀಯಾ, ನಾನೂ ಒರಗ್ತೀನಿ" ಎಂದು ತಮಾಷೆ ಮಾಡಿದೆ. "ಸರಿಯೋಕಾಗಿದ್ರೆ ಎದ್ದೇ ಹೋಗ್ತಿದ್ದೆ, ಬನ್ನಿ" ಅಂದಳು. ಅವಳ ಪಕ್ಕದ ಒಂದು ಗೇಣು ಜಾಗದಲ್ಲಿ ನಾನು ಅಂಗಾತ ಮಲಗಿದೆ.

ಮೇಲೆ ನೋಡಿದೆ.

ನಿಂತು ನೋಡಿದಾಗ ಆ ತೊಲೆಗಳು ದೂರ ದೂರ ಓಡುತ್ತಿದ್ದವು, ಕೋಣೆ ಉದ್ದವಾಗಿ ಕಾಣುತ್ತಿತ್ತು. ಮಲಗಿದರೆ ಅವೆಲ್ಲ ಇಳಿದು ಬರುತ್ತಿದ್ದವು. ಚೌಕಗಳು ಕತ್ತಲೆಯ ಬಾಯಿಗಳು. ನಾನೇ ಉಜ್ಜಿ ಉಜ್ಜಿ ಕಪ್ಪಾಗಿಸಿದ ಮರ ಕೋಣೆಯ ಬೆಳಕನ್ನೆಲ್ಲ ಕುಡಿದುಬಿಟ್ಟಿತ್ತು. ನಡುವಿನ ಹೂವು ಮೂಗಿನ ಮೇಲೆ ಬಿದ್ದೇಬಿಡುತ್ತದೆ ಅನ್ನಿಸಿತು. ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಳ ಹಾಕಿದ ಹಾಗೆ. ನಾನು ಎದ್ದು ಕೂತುಬಿಟ್ಟೆ. ನನಗೆ ಎದ್ದು ಕೂರಲು ಆಗುತ್ತಿತ್ತು.

"ಪುಟ್ಟಿ" ಅಂದೆ.

ಅವಳು ಮೇಲೆಯೇ ನೋಡುತ್ತ, "ಮೊದಲು ಇಲ್ಲಿ ಬೀದಿ ಇತ್ತು ಅತ್ತಿಗೆ" ಅಂದಳು.

"ಎಲ್ಲಿ?"

"ಮೇಲೆ. ಸುಣ್ಣದ ಮೇಲೆ. ಪರದೆ ಸಂದಿಯಿಂದ ಬೆಳಕು ಬಂದು ಬೀಳುತ್ತಲ್ಲ, ಅದರಲ್ಲಿ ಬೀದಿಯೆಲ್ಲ ಕಾಣ್ತಿತ್ತು. ತಲೆಕೆಳಗು. ಆ ಕಡೆಗೆ ಹೋಗೋರು ಈ ಕಡೆಗೆ ಹೋದ ಹಾಗೆ ಕಾಣೋರು. ಮೊದಮೊದಲು ಬರೀ ನೆರಳು ಅಂದುಕೊಂಡಿದ್ದೆ. ನೋಡ್ತಾ ನೋಡ್ತಾ ಒಬ್ಬೊಬ್ಬರೂ ಗೊತ್ತಾದರು. ಹಾಲಿನವನ ಸೈಕಲ್ಲು, ಕೊಡೆಯವಳು, ಶಾಲೆ ಬಿಟ್ಟ ಮಕ್ಕಳು. ಸಲೂನಿನವನು ಗಿರಾಕಿ ಇಲ್ಲದಾಗ ಬೀದಿಗೆ ಬಂದು ಒಬ್ಬನೇ ಕುಣೀತಾನೆ, ಗೊತ್ತಾ ನಿಮಗೆ?" ಅವಳ ಮುಖದಲ್ಲಿ ಬೆಳಕು ಬಂದು ಹೋಯಿತು. "ಅವರು ಬರೋದೂ ಕಾಣ್ತಿತ್ತು. ಲಾರಿ ಓಡಿಸಿ ಓಡಿಸಿ ಒಂದು ಭುಜ ಇಳಿದಿದೆಯಲ್ಲ, ಅದರಿಂದಲೇ ಗೊತ್ತಾಗೋದು. ಅವರು ಮೆಟ್ಟಿಲು ಹತ್ತೋದರೊಳಗೆ ನಾನು ಮುಖ ಸರಿ ಮಾಡ್ಕೊಳ್ತಿದ್ದೆ."

ಆಗ ನನಗೆ ಎಲ್ಲ ತಿಳಿಯಿತು. ದಿನವೆಲ್ಲ ನೋವು ತಿಂದು ಮಲಗಿದವಳು, ಗಂಡ ಬೀದಿಯ ತುದಿಯಲ್ಲಿ ಕಂಡಾಗ ನಗುವನ್ನು ಹುಡುಕಿ ತಂದು ಇಟ್ಟುಕೊಳ್ಳುತ್ತಿದ್ದಳು. ಈಗ ಬಾಗಿಲು ತೆರೆದೇ ಬಿಡುತ್ತದೆ. ನಗು ಬರಲು ಹೊತ್ತಿಲ್ಲ.

ನಾನು ಮನೆಗೆ ಹೋಗಿ ನಮ್ಮವರಿಗೆ ಹೇಳಿದೆ. ಅವರು ಮರುದಿನ ಡ್ರೈವರು ಗೋದಾಮಿನಲ್ಲಿದ್ದಾಗ ಬಂದು, ಮಂಚದ ಪಕ್ಕ ಬರಿ ನೆಲದ ಮೇಲೆ ಮಲಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಬೆನ್ನಿಗೆ ಹತ್ತಿದ ಧೂಳನ್ನೂ ಒರೆಸಿಕೊಳ್ಳಲಿಲ್ಲ.

"ತೆಗೆದುಬಿಡ್ತೀನಿ ಪುಟ್ಟಿ. ನಿನ್ನ ಗಂಡನಿಗೆ ಹೇಳ್ತೀನಿ" ಅಂದರು.

"ಹೇಳಬೇಡ ಅಣ್ಣ."

"ಯಾಕೆ?"

"ಏನಂತ ಹೇಳ್ತೀಯ? ಅವರು ಜನ್ಮದಲ್ಲಿ ಒಂದು ಸಲ ನನ್ನ ಮಾತು ನೆನಪಿಟ್ಟುಕೊಂಡು ಮಾಡಿಸಿದ್ದು, ಅದರಡಿ ನಾನು ಉಸಿರು ಕಟ್ಟಿ ಸಾಯ್ತಿದ್ದೀನಿ ಅಂತಾನಾ? ಇಷ್ಟು ದಿನ ಅವರು ನೋಡಿದ ನಗು ನೆರಳು ನೋಡಿ ಮಾಡ್ಕೊಂಡದ್ದು ಅಂತಾನಾ? ಆಮೇಲೆ ನಾನು ನಿಜವಾಗಿ ನಕ್ಕರೂ ಅವರು ನಂಬಲ್ಲ. ಬೇಡ. ನನಗೆ ಅಭ್ಯಾಸ ಆಗುತ್ತೆ."

"ಆಗಲ್ಲ" ಅಂದರು ನಮ್ಮವರು. ಅವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು, ಈಗಷ್ಟೇ ಅದರಡಿ ಮಲಗಿ ಎದ್ದಿದ್ದರು.

ಮನೆಗೆ ಬಂದವರು ಕೊಟ್ಟಿಗೆಯಲ್ಲಿ ಕೂತು, ಎದುರಿಗಿದ್ದ ಹಲಗೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಎಳೆಯುತ್ತ, ಕಡೆಗೆ ಅಂದರು: "ಹುಳ ಬಿತ್ತು ಅಂತ ಹೇಳೋಣ."

"ನಿಮ್ಮ ಮರಕ್ಕಾ?"

"ಮರಕ್ಕೆ."

"ಯಾರು ನಂಬ್ತಾರೆ? ಒಣಮರದ ಮರಕ್ಕೆ ಹುಳ ಅಂದ್ರೆ ನಗ್ತಾರೆ."

"ಮೊದಲು ನಗ್ತಾರೆ. ಆಮೇಲೆ ನಂಬ್ತಾರೆ" ಅಂದರು. "ಬೇರೆ ಏನು ಹೇಳಿದ್ರೂ ಭಾವ ಅದನ್ನ ಸರಿ ಮಾಡ್ಸಿ ಮತ್ತೆ ಹಾಕ್ಸ್ತಾರೆ. ಬಣ್ಣ ಸರಿಯಿಲ್ಲ ಅಂದ್ರೆ ಬಣ್ಣ, ಭಾರ ಅಂದ್ರೆ ಮೊಳೆ. ಹುಳದ ಪುಡಿ ಅವಳ ಬಾಯಿಗೆ, ಕಣ್ಣಿಗೆ ಬೀಳುತ್ತೆ ಅಂದ್ರೆ ಮಾತ್ರ ಆ ಹೊತ್ತೇ ಕೀಳಿಸ್ತಾರೆ. ಮತ್ತೆ ಮರದ ಹೆಸರು ಎತ್ತಲ್ಲ."

ನಾನು ಅವರನ್ನು ನೋಡಿದೆ. ಒಂದು ಆಯುಷ್ಯ ಕೆನ್ನೆಗೆ ಹಲಗೆ ಒತ್ತಿ ಗಳಿಸಿದ ಹೆಸರು ಅದು. ನಮಗೆ ಬೇರೆ ಆಸ್ತಿ ಇರಲಿಲ್ಲ.

ನಮ್ಮ ಅಟ್ಟದಲ್ಲಿ ಹುಳು ತಿಂದ ಒಂದು ಹಳೆಯ ಕುರ್ಚಿಯ ಕಾಲಿತ್ತು. ಅದನ್ನು ತಟ್ಟಿ ತಟ್ಟಿ ನುಣ್ಣನೆಯ ಪುಡಿ ಇಳಿಸಿ, ಪಾಲಿಶ್ ಬಟ್ಟೆಯಲ್ಲಿ ಸೋಸಿ ನಾನೇ ಗಂಟು ಕಟ್ಟಿದೆ. ಮಧ್ಯಾಹ್ನ ಇಬ್ಬರೂ ಹೋದೆವು. ಪುಟ್ಟಿ ಒಪ್ಪಲಿಲ್ಲ. "ನಿನ್ನ ಹೆಸರು ಹಾಳಾಗುತ್ತೆ ಅಣ್ಣ" ಅಂದಳು. "ನೀನು ಬಾಯಿ ಮುಚ್ಚಿ ಮಲಕ್ಕೋ" ಅಂದರು, ಚಿಕ್ಕವಳಿದ್ದಾಗ ಗದರುತ್ತಿದ್ದ ಹಾಗೆಯೇ.

ಏಣಿ ಹತ್ತಿ, ಸಣ್ಣ ದಬ್ಬಳದಿಂದ ತಾವೇ ಕೆತ್ತಿದ ಹೂವಿನ ಎಸಳುಗಳಲ್ಲಿ, ಚೌಕದ ಹಲಗೆಗಳಲ್ಲಿ ಅಲ್ಲೊಂದು ಇಲ್ಲೊಂದು ತೂತು ಮಾಡಿದರು. ಹುಳು ಮಾಡುವ ಹಾಗೆಯೇ, ಸಾಲು ಹಿಡಿಯದೆ. ಮರ ಗಟ್ಟಿಯಿತ್ತು, ಸುಲಭವಾಗಿ ಇಳಿಯುತ್ತಿರಲಿಲ್ಲ. ಪ್ರತಿ ಸಲ ದಬ್ಬಳ ಒತ್ತುವಾಗ ಅವರು ಕಣ್ಣು ಮುಚ್ಚಿಕೊಳ್ಳುವುದನ್ನು ಕೆಳಗಿನಿಂದ ನೋಡಿದೆ. ನಾನು ಹಾಸಿಗೆಯ ಮೇಲೆ, ದಿಂಬಿನ ಮೇಲೆ ಪುಡಿ ಉದುರಿಸಿದೆ. ಒಂದು ಚಿಟಿಕೆ ಪುಟ್ಟಿಯ ಕೆನ್ನೆಗೆ ಹಾಕುವಾಗ ಕೈ ಬರಲಿಲ್ಲ.

"ಹಚ್ಚಿ ಅತ್ತಿಗೆ. ಮದುವೆ ದಿನ ಇಷ್ಟೊಂದು ಪೌಡರ್ ಹಚ್ಚಿದ್ರಲ್ಲ, ಈಗೇನು ಜಿಪುಣತನ?" ಅಂದಳು. ಇಬ್ಬರೂ ನಕ್ಕೆವು. ಏಣಿಯ ಮೇಲಿದ್ದವರು ನಗಲಿಲ್ಲ.

ಡ್ರೈವರು ಬಂದರು. ನಮ್ಮವರು, "ಭಾವ, ಮರಕ್ಕೆ ಹುಳ ಬಿದ್ದಿದೆ" ಅಂದರು, ಅಷ್ಟೇ.

ಡ್ರೈವರು ಮೊದಲು ನಕ್ಕರು. ಆಮೇಲೆ ಹೆಂಡತಿಯ ಕೆನ್ನೆ ನೋಡಿದರು. ಬೆರಳಿಂದ ಪುಡಿ ತೆಗೆದು ಉಜ್ಜಿ ನೋಡಿದರು. ಏಣಿ ಹತ್ತಿ ತೂತು ನೋಡಿದರು. ಇಳಿಯುವಾಗ ಬೇರೆ ಮನುಷ್ಯ.

"ಅದಕ್ಕೇ ಇವಳು ಹೀಗಾಗಿದ್ದು. ಇಷ್ಟು ದಿನ ಈ ವಿಷ ಉಸಿರಾಡಿದ್ದಾಳೆ. ಬೇರೆಯವರ ಮನೆಗೆ ಒಣಗಿಸಿ ಒಣಗಿಸಿ ಹಾಕ್ತೀರಿ. ಸ್ವಂತ ತಂಗಿ ತಲೆ ಮೇಲೆ ಹುಳುಕು ಮರ."

ನಮ್ಮವರು ಏಣಿ ಎತ್ತಿ ಬದಿಗಿಟ್ಟರು.

"ಏನಾದ್ರೂ ಮಾತಾಡಿ ಭಾವ. ತಪ್ಪಾಯ್ತು ಅಂತನಾದ್ರೂ ಅನ್ನಿ."

"ತಪ್ಪಾಯ್ತು."

ಪುಟ್ಟಿ ಬಾಯಿ ತೆರೆದಳು. ನಮ್ಮವರು ಅವಳ ಮುಖದ ಮೇಲೆ ಬಾಗಿ, ಬೇಡ ಎಂಬಂತೆ ಕಣ್ಣು ಮುಚ್ಚಿ ತೆರೆದರು. ಅವಳು ತುಟಿ ಕಚ್ಚಿಕೊಂಡಳು. ಕಣ್ಣೀರು ಎರಡೂ ಕಿವಿಗೆ ಇಳಿಯಿತು. ಡ್ರೈವರು ಅದನ್ನು ಅಣ್ಣ ಮಾಡಿದ ಮೋಸಕ್ಕೆ ಎಂದುಕೊಂಡರು.

ಅವತ್ತೇ ಎಲ್ಲ ಕಿತ್ತರು. ನಮ್ಮವರು ಮುಟ್ಟಲು ಹೋದರೆ ಡ್ರೈವರು ಬಿಡಲಿಲ್ಲ. ಸಲೂನಿನವನನ್ನು ಕರೆದು ಇಬ್ಬರೂ ಸೇರಿ ಹಾರೆಯಿಂದ ಮೀಟಿ ಕೆಳಗಿಳಿಸಿದರು. ಮೂಲೆಯ ಸಂದುಗಳು ಬಿಡದೆ ಪಟ್ಟಿಗಳು ನಡುವೆ ಮುರಿದವು. ಹುಳು ಹಬ್ಬಬಾರದೆಂದು ಬೀದಿಯ ಬದಿಯಲ್ಲಿ ರಾಶಿ ಹಾಕಿ ಬೆಂಕಿಯಿಟ್ಟರು. ಹೊಗೆಯೇ ಇಲ್ಲದೆ ಉರಿಯಿತು. ಮರ ತಿಳಿದವರು ಒಬ್ಬರಾದರೂ ಅಲ್ಲಿ ಇದ್ದಿದ್ದರೆ ಆ ಉರಿ ನೋಡಿಯೇ ಹೇಳುತ್ತಿದ್ದರು, ಇದು ಹುಳ ಹಿಡಿದ ಮರವಲ್ಲ ಎಂದು. ಇದ್ದವರು ನಾವಿಬ್ಬರೇ. ನಾವು ಮನೆಗೆ ನಡೆದೆವು.

ಡ್ರೈವರು ತಾವೇ ಚಾವಣಿಗೆ ಹೊಸದಾಗಿ ಸುಣ್ಣ ಬಳಿದರು. "ನೀವು ಬನ್ನಿ ಅಕ್ಕ, ನಿಮ್ಮ ಮೇಲೆ ಸಿಟ್ಟಿಲ್ಲ. ಅವರು ಮಾತ್ರ ಈ ಮೆಟ್ಟಿಲು ಹತ್ತೋದು ಬೇಡ" ಅಂದರು. ಸುದ್ದಿ ಸಲೂನಿನ ಕುರ್ಚಿಯಿಂದ ಕುರ್ಚಿಗೆ ಹೋಯಿತು. ಚಾವಣಿ ಮಾಡಿಸಬೇಕೆಂದು ಬರುವವರು ನಿಂತರು. ಬಂದವರೂ ಮೇಜು, ಸ್ಟೂಲು ಎಂದರು. ಹಲಗೆಯನ್ನು ಒಮ್ಮೆ ತಿರುಗಿಸಿ ನೋಡಿದರು. ಒಣಮರ ಎಂದು ಕರೆಯುವವರು ಈಗ ಆ ಹೆಸರನ್ನು ಬೇರೆ ಥರ ನಕ್ಕು ಕರೆಯುತ್ತಿದ್ದರು. ನಮ್ಮವರು ಯಾರಿಗೂ ಉತ್ತರ ಕೊಡಲಿಲ್ಲ. ಮೊದಲೂ ಕೊಡುತ್ತಿರಲಿಲ್ಲವಾದ್ದರಿಂದ ವ್ಯತ್ಯಾಸ ನನಗೊಬ್ಬಳಿಗೇ ಗೊತ್ತಾಯಿತು.

ಪುಟ್ಟಿಗೆ ಬೀದಿ ಮರಳಿ ಬಂತು. ನಾನು ಹೋದಾಗ ಅವಳ ಪಕ್ಕದಲ್ಲಿ ಮಲಗಿ ನಾನೂ ನೋಡಲು ಕಲಿತೆ. ಮೊದಲು ಮಸುಕು; ಆಮೇಲೆ ಒಂದೊಂದೇ ಆಕಾರ ಸುಣ್ಣದ ಮೇಲೆ ತಲೆಕೆಳಗಾಗಿ ಹರಿದು ಹೋಗುವುದು. ಊಟ ಮತ್ತೆ ಸ್ವಲ್ಪ ಸೇರತೊಡಗಿತು. "ಅವರು ಬಂದ್ರು" ಎನ್ನುವಳು. ನಾನು ಎದ್ದು ಕೂರುವಷ್ಟರಲ್ಲಿ ಅವಳ ಮುಖದಲ್ಲಿ ನಗು ಸಿದ್ಧವಾಗಿರುತ್ತಿತ್ತು. ಬಾಗಿಲು ತೆರೆಯುವುದು. ಡ್ರೈವರ ಮುಖ ಅರಳುವುದು. "ನೋಡಿದ್ರಾ ಅಕ್ಕ, ಆ ದರಿದ್ರ ಮರ ಹೋಗಿದ್ದೇ ಹೋಗಿದ್ದು, ಇವಳು ಚೇತರಿಸಿಕೊಂಡಳು" ಎನ್ನುವರು. ನಾನು ಹೂಂ ಎನ್ನುವೆ.

ಒಂದು ದಿನ ಮಲಗಿದ್ದಾಗ ಪುಟ್ಟಿ, "ಅಗೋ" ಅಂದಳು.

ಸುಣ್ಣದ ಮೇಲೆ ಒಬ್ಬರು ನಿಧಾನವಾಗಿ ಹೋಗುತ್ತಿದ್ದರು. ಕೈಯಲ್ಲಿ ಚೀಲ. ಕಿಟಕಿಯ ಎದುರು ಬಂದಾಗ ನಿಂತರು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಮತ್ತೆ ಹೋದರು.

"ದಿನಾ ಹೋಗ್ತಾನೆ" ಅಂದಳು. "ಅವರು ಬರೋಕೆ ಸ್ವಲ್ಪ ಮುಂಚೆ. ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ. ನಿನ್ನೆ ಕುಂಟ್ತಾ ಇದ್ದ. ಕಾಲಿಗೇನಾಯ್ತು ಅತ್ತಿಗೆ?"

"ಉಳಿ ಬಿತ್ತು. ಸಣ್ಣ ಗಾಯ."

"ಚಪ್ಪಲಿ ಹಾಕಿಕೊಂಡು ಕೆಲಸ ಮಾಡು ಅಂತ ಹೇಳಿ."

ಮನೆಗೆ ಬಂದು ಹೇಳಿದೆ, ತಂಗಿ ಚಪ್ಪಲಿ ಹಾಕಿಕೋ ಅಂದಳು ಎಂದು. ಅವರು ತಲೆ ಎತ್ತದೆ, "ಕಾಣ್ತಾ ಅವಳಿಗೆ?" ಅಂದರು. "ಕಾಣುತ್ತೆ" ಅಂದೆ. ಅವತ್ತು ಒಂದು ತುತ್ತು ಹೆಚ್ಚು ಉಂಡರು.

ಮೋಡ ಕವಿದ ದಿನಗಳಲ್ಲಿ ಸುಣ್ಣದ ಮೇಲೆ ಏನೂ ಬೀಳುತ್ತಿರಲಿಲ್ಲ. ಅವರು ಆಗಲೂ ಹೊರಡುವರು. "ಇವತ್ತು ಬೆಳಕಿಲ್ಲ, ಅವಳಿಗೆ ಕಾಣಲ್ಲ" ಎಂದರೆ, "ಮಧ್ಯೆ ಒಂದು ಕ್ಷಣ ಬಿಸಿಲು ಬಂದ್ರೆ?" ಎಂದು ಚೀಲ ಎತ್ತಿಕೊಳ್ಳುವರು. ಚೀಲದಲ್ಲಿ ಏನೂ ಇರುತ್ತಿರಲಿಲ್ಲ.

ಪುಟ್ಟಿ ಆ ವರ್ಷ ಪೂರ್ತಿ ಬದುಕಲಿಲ್ಲ. ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಕೀವಾಗಿ, ಜ್ವರ ಏರಿ, ಒಂದು ಬೆಳಿಗ್ಗೆ ಹೋದಳು. ಡ್ರೈವರು ನನಗೊಬ್ಬಳಿಗೇ ಹೇಳಿ ಕಳಿಸಿದ್ದರು. ನಮ್ಮವರು ನನ್ನ ಜೊತೆ ಬಂದು ಸಲೂನಿನ ಮುಂದೆ ನಿಂತುಬಿಟ್ಟರು. "ಇವತ್ತಾದ್ರೂ ಬನ್ನಿ" ಅಂದೆ. "ಅವರು ಬೇಡ ಅಂದಿದ್ದಾರೆ" ಅಂದರು. ನಾನು ಡ್ರೈವರಿಗೆ ಎಲ್ಲ ಹೇಳಿಬಿಡಬೇಕೆಂದು ಬಾಯಿವರೆಗೆ ತಂದೆ. ಅವರು ಹೆಂಡತಿಯ ತಲೆಯ ಬಳಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಎಷ್ಟು ನೋವಿದ್ರೂ ನಾನು ಬಾಗಿಲು ತೆಗೆದಾಗ ನಗ್ತಾ ಇದ್ಲು. ನಡುವೆ ಆ ಮರದ ಕಾಟ ಬಿಟ್ರೆ ಒಂದು ದಿನ ತಪ್ಪಿಸಲಿಲ್ಲ." ನಾನು ಬಾಯಿ ಮುಚ್ಚಿಕೊಂಡೆ.

ಮಧ್ಯಾಹ್ನ ಜನ ಹೆಚ್ಚಾದರು, ಗಾಳಿಯಾಡಲೆಂದು ಯಾರೋ ಪರದೆಯನ್ನು ಪೂರ್ತಿ ಎರಡೂ ಕಡೆಗೆ ಸರಿಸಿದರು. ನಾನು ಕಿಟಕಿಯಿಂದ ಕೆಳಗೆ ನೋಡಿದೆ. ನಮ್ಮವರು ಬೀದಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು, ನಿಧಾನವಾಗಿ. ತಿರುಗಿ ಚಾವಣಿ ನೋಡಿದೆ. ಸಂದಿನ ಬೆಳಕಿನ ಬದಲು ಕೋಣೆಯ ತುಂಬ ಬಿಸಿಲಿತ್ತು, ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ.